ಕಿಟಕಿಗೊಂದು ಸಾಲು

ಏಪ್ರಿಲ್ 12

ಮಗಳೇ,

ನೀನು ಕಳಿಸಿದ ಔಷಧಿ ಪೊಟ್ಟಣ ಬಂತು. ಗೇಟಿನಲ್ಲೇ ಅದಕ್ಕೆ ಏನೋ ಸಿಂಪಡಿಸಿ, ಅರ್ಧ ದಿನ ಬಿಸಿಲಿಗಿಟ್ಟು, ಆಮೇಲೆ ನನ್ನ ಬಾಗಿಲ ಹೊರಗೆ ಇಟ್ಟು ಹೋದರು. ಮಾತ್ರೆಗಳ ಜೊತೆ ನಿನ್ನ ಕಾಗದಕ್ಕೂ ಸ್ನಾನವಾಗಿ ಅಕ್ಷರವೆಲ್ಲ ಕದಡಿಹೋಗಿತ್ತು. ಆದರೂ ಓದಿದೆ. ನಿನ್ನ ಅಕ್ಷರ ನೆಟ್ಟಗಿದ್ದದ್ದಾದರೂ ಯಾವಾಗ ಹೇಳು?

ಫೋನ್ ಮಾಡ್ತೀನಿ ಅಂದಿದ್ದೀಯ. ಮಾಡಿ ಯಾರ ಹತ್ತಿರ ಮಾತಾಡ್ತೀಯ? ಜೀವಮಾನವೆಲ್ಲ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನು ನಾನು. ಮಗ್ಗುಲಲ್ಲೇ ಮೆಷಿನ್ನು. ಅದು ಅನ್ನ ಕೊಟ್ಟು ಕಿವಿ ಇಸಕೊಂಡಿತು. ನೀನು ಪೊಟ್ಟಣದ ಜೊತೆ ಕಾಗದ ಇಡು, ಪೊಟ್ಟಣ ತರುವವರ ಕೈಯಲ್ಲೇ ನನ್ನದೂ ಬರುತ್ತೆ. ಹೇಗೂ ನಿಮ್ಮ ಔಷಧಿ ಅಂಗಡಿಗೆ ಮಾತ್ರ ಬಾಗಿಲು ಹಾಕಿಸಿಲ್ಲವಲ್ಲ.

ಕಾಯಿಲೆಗೆ ಹೆದರಿ ಇಲ್ಲಿ ವೃದ್ಧಾಶ್ರಮದಲ್ಲಿ ನಮ್ಮನ್ನು ರೂಮಿನಿಂದ ಹೊರಗೆ ಬಿಡುತ್ತಿಲ್ಲ. ಊಟ ಬಾಗಿಲಿಗೆ ಬರುತ್ತೆ. ಸಂಜೆ ಚಹಾ ಆದಮೇಲೆ ಊಟದ ಹಾಲಿನಲ್ಲಿ ಕೂತು ಪದ್ಯ ಬರೀತಿದ್ದೆವಲ್ಲ, ನೀನು ನೋಡಿ ನಕ್ಕಿದ್ದೆಯಲ್ಲ, ಆ ಕೂಟವೂ ನಿಂತುಹೋಯಿತು. ನಿಂತಿತು ಅಂದುಕೊಂಡಿದ್ದೆ. ಮೊನ್ನೆ ಅಂಗಳದ ಆಚೆ ಕಡೆ, ನನ್ನ ಎದುರಿನ ಕಿಟಕಿಯಲ್ಲಿ ಟೆಲಿಫೋನ್ ಅಕ್ಕ ಒಂದು ರಟ್ಟು ಹಿಡಕೊಂಡು ನಿಂತಿದ್ದಾರೆ! ಅವರು ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು, ನಾಲ್ಕು ಜನರನ್ನು ಒಬ್ಬರಿಗೊಬ್ಬರನ್ನು ಜೋಡಿಸದೆ ಇರೋಕೆ ಆಗಲ್ಲ ಅವರಿಗೆ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ:

"ಗಿಡಕ್ಕೆ ಯಾರೂ ಹೇಳಿಲ್ಲ, ಅದು ಹೂ ಬಿಟ್ಟಿದೆ."

ಪಕ್ಕದ ಕಿಟಕಿಯ ಡ್ರಿಲ್ ಮೇಷ್ಟ್ರು ಕ್ಯಾಲೆಂಡರ್ ಹಾಳೆ ಹರಿದು ಉತ್ತರ ಕೊಟ್ಟರು:

"ಎಡ ಬಲ, ಎಡ ಬಲ, ನಿಂತಲ್ಲೇ ನಡಿಗೆ."

ಪದ್ಯ ಅಂದರೆ ಮೂಗು ಮುರಿಯುತ್ತಿದ್ದ ಮನುಷ್ಯ! ಆಮೇಲೆ ಬೇಕರಿ ಅಣ್ಣ, ಆಮೇಲೆ ನಾನು. ದಿನಕ್ಕೆ ಕಿಟಕಿಗೊಂದು ಸಾಲು ಅಂತ ನಿಯಮ ಆಗಿದೆ. ಎಲ್ಲವನ್ನೂ ಬರೆದಿಡುವ ಕೆಲಸ ನನ್ನದು. ಬಾಯಲ್ಲಿ ಹೇಳುವ ಪದ್ಯದಲ್ಲಿ ನಾನು ಯಾವಾಗಲೂ ಹಿಂದೆ ಬೀಳ್ತಿದ್ದೆ. ಈಗ ಎಲ್ಲರೂ ನನ್ನ ಹಾಗೇ ಕಿವುಡರು.

ನಿನ್ನ ಔಷಧಿಯ ರಟ್ಟಿನ ಡಬ್ಬಿಗಳಿಗೆ ಭಾರಿ ಬೇಡಿಕೆ. ಇನ್ನು ಸ್ವಲ್ಪ ದೊಡ್ಡವು ಕಳಿಸು. ಅಳಿಯಂದಿರಿಗೂ ಹೇಳು, ಒಂದು ಸಾಲು ಬರೆದು ಕಳಿಸಲಿ.

ನಿನ್ನ ಅಪ್ಪ


ಏಪ್ರಿಲ್ 21

ಅಪ್ಪಾ,

ಅಂಗಡಿ ಮುಂದೆ ಬೀದಿಯ ತುದಿಯವರೆಗೂ ಸಾಲು. ನಿಮ್ಮ ಪದ್ಯದ ಸಾಲಲ್ಲ, ಜನರ ಸಾಲು. ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆದಿದ್ದೇವೆ, ಒಬ್ಬೊಬ್ಬರೂ ಅದರೊಳಗೆ ನಿಲ್ಲಬೇಕು. ಸಂಜೆ ಹೊತ್ತಿಗೆ ನನ್ನ ಕಾಲು ನನ್ನದಲ್ಲ. ಮನೆಗೆ ಬಂದರೆ ಇವರು ಬಾಗಿಲಲ್ಲೇ ಬಕೆಟ್ಟು ಇಟ್ಟುಕೊಂಡು ಕಾಯ್ತಿರ್ತಾರೆ, "ಮೊದಲು ಸೋಪು, ಆಮೇಲೆ ಸಂಸಾರ" ಅಂತ.

ಇವರಿಗೂ ಕೆಲಸ ನಿಂತಿಲ್ಲ. ಊರಿಗೆ ಊರೇ ಮನೆಯಲ್ಲಿ ಕೂತಿದ್ದರೂ ಲಿಫ್ಟು ಕೆಡೋದು ತಪ್ಪುತ್ತಾ? ಆಸ್ಪತ್ರೆಗಳಿಂದ ದಿನಾ ಕರೀತಾರೆ. ಹೋಗಬೇಡಿ ಅಂದರೆ, "ನಾನು ಹೋಗದಿದ್ದರೆ ಆಕ್ಸಿಜನ್ ಸಿಲಿಂಡರ್‌ನ ಮೆಟ್ಟಿಲ ಮೇಲೆ ಯಾರು ಹೊರ್ತಾರೆ, ನಿಮ್ಮಪ್ಪನಾ?" ಅಂತಾರೆ. ಜಗಳ ಆಡೋಣ ಅಂದರೆ ನಗಿಸಿಬಿಡ್ತಾರೆ. "ನನ್ನ ಬದುಕಿನಲ್ಲಿ ದಿನಾ ಏಳುಬೀಳು, ಅದಕ್ಕೇ ಸಂಬಳ ಕೊಡ್ತಾರೆ" ಅನ್ನೋ ಇವರ ಹಳೇ ಜೋಕು ಬೇರೆ.

ಸಾಲು ಕೇಳಿದಿರಲ್ಲ. ಊಟ ಮಾಡ್ತಾ ಮಾಡ್ತಾನೇ ಇವರು ಹೇಳಿದ್ದು, ಹಾಗೇ ಬರೆದಿದ್ದೀನಿ:

"ಮೇಲೆ ಹೋದದ್ದು ಕೆಳಗೆ ಬರುತ್ತೆ, ನಡುವೆ ಕರೆಂಟ್ ಹೋಗದಿದ್ದರೆ."

ಇದು ಪದ್ಯವೋ ಸುರಕ್ಷತೆಯ ಬೋರ್ಡೋ ನೀವೇ ತೀರ್ಮಾನ ಮಾಡಿ. ದೊಡ್ಡ ಡಬ್ಬಿ ಕಳಿಸಿದ್ದೀನಿ. ಎದೆ ನೋವಿನ ಮಾತ್ರೆ ಜೇಬಲ್ಲೇ ಇರಲಿ, ಕಪಾಟಿನಲ್ಲಲ್ಲ.

ನಿಮ್ಮ ಮಗಳು


ಮೇ 5

ಮಗಳೇ,

ಅಳಿಯಂದಿರ ಸಾಲನ್ನು ಕಿಟಕಿಗೆ ಹಿಡಿದೆ. ಬೇಕರಿ ಅಣ್ಣ ನಕ್ಕು ನಕ್ಕು ಕುರ್ಚಿ ಹಿಡಕೊಂಡರು. ಟೆಲಿಫೋನ್ ಅಕ್ಕ ತಕ್ಷಣ ರಟ್ಟು ತಿರುಗಿಸಿ ಬರೆದರು, "ಈ ಹುಡುಗನನ್ನು ಕೂಟಕ್ಕೆ ಸೇರಿಸಿಕೊಳ್ಳಿ." ನೋಡು, ನಾವು ಎಂಬತ್ತರ ಹತ್ತಿರದವರು, ನಮಗೆ ಅವರು ಇನ್ನೂ ಹುಡುಗನೇ.

ನಿನ್ನೆ ದೊಡ್ಡ ಗಲಾಟೆ. ಡ್ರಿಲ್ ಮೇಷ್ಟ್ರು "ಕಾಲ" ಎಂದು ಮುಗಿಸಿದ್ದಕ್ಕೆ ಅಕ್ಕ "ಬಾಲ" ಎಂದು ಪ್ರಾಸ ಕಟ್ಟಿದರು. ತನ್ನನ್ನೇ ಅಂದಿದ್ದು ಅಂತ ಮೇಷ್ಟ್ರು ಸಿಟ್ಟಾಗಿ ಪರದೆ ಎಳೆದುಕೊಂಡರು. ಇಡೀ ಮಧ್ಯಾಹ್ನ ಪರದೆ ತೆಗೆಯಲಿಲ್ಲ. ಸಂಜೆ ಅಕ್ಕ ದೊಡ್ಡದಾಗಿ "ಕ್ಷಮಿಸಿ ಸಾರ್" ಅಂತ ಬರೆದು, ಶಾಲೆ ಮಕ್ಕಳ ಹಾಗೆ ಕೈ ಕಟ್ಟಿಕೊಂಡು ನಿಂತರು. ಮೇಷ್ಟ್ರು ಪರದೆ ಸರಿಸಿ ವಿಶ್ರಾಮ್ ಅಂತ ಕೈ ಮಾಡಿದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ.

ನಿಮ್ಮಮ್ಮ ಹೋದಮೇಲೆ, ಮೂರನೇ ಮಹಡಿಯ ನಿಮ್ಮ ಮನೆಯಲ್ಲಿ ನೀವಿಬ್ಬರೂ ಕೆಲಸಕ್ಕೆ ಹೋದರೆ ನಾನು ಗೋಡೆ ನೋಡ್ತಾ ಕೂತಿರ್ತಿದ್ದೆ. ಇಲ್ಲಿಗೆ ಹೋಗ್ತೀನಿ ಅಂತ ನಾನು ಹಟ ಹಿಡಿದಾಗ ನೀನು ಎಷ್ಟು ಅತ್ತೆ. ಅಳಿಯಂದಿರು ಮಾತ್ರ ಪೆಟ್ಟಿಗೆ ಹೊತ್ತುಕೊಂಡು ಬಂದು, ಮಂಚದ ಕಾಲು ಅಲುಗುತ್ತೆ ಅಂತ ಸರಿಮಾಡಿ ಹೋದರು. ನನ್ನನ್ನು ಯಾರೂ ಇಲ್ಲಿ ಬಿಟ್ಟುಹೋಗಲಿಲ್ಲ. ನಾನೇ ಬಂದದ್ದು. ಅದು ನಿನಗೆ ನೆನಪಿರಲಿ.

ಇಲ್ಲೂ ಇಬ್ಬರಿಗೆ ಜ್ವರ ಬಂದಿದೆ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ನಮ್ಮ ಸಾಲಿನಲ್ಲಲ್ಲ. ಗಾಬರಿ ಬೇಡ.

ನಿನ್ನ ಅಪ್ಪ


ಮೇ 29

ಟೆಲಿಫೋನ್ ಅಕ್ಕನವರಿಗೆ,

ನಾನು ನಿಮ್ಮ ಎದುರು ಕಿಟಕಿಯವರ ಮಗಳು. ಎಲ್ಲರೂ ಕರೆಯೋ ಹಾಗೆ ಅಕ್ಕ ಅಂತಲೇ ಕರೀತೀನಿ. ಫೋನ್ ಹಚ್ಚಿದೆ, ನೀವು ಎತ್ತೋ ಮೊದಲೇ ಇಟ್ಟುಬಿಟ್ಟೆ. ಅದಕ್ಕೇ ಬರೀತಿದ್ದೀನಿ.

ಇವರು ಹೋಗಿಬಿಟ್ಟರು ಅಕ್ಕ.

ಆಸ್ಪತ್ರೆಯ ಲಿಫ್ಟು ಅರ್ಧದಲ್ಲಿ ನಿಂತಿದೆ, ಒಳಗೆ ಸ್ಟ್ರೆಚರ್ ಮೇಲೆ ಒಬ್ಬ ಹೆಂಗಸಿದ್ದಾರೆ ಅಂತ ಫೋನ್ ಬಂತು. ಊಟ ಅರ್ಧಕ್ಕೇ ಬಿಟ್ಟು ಓಡಿದರು. ಆ ಹೆಂಗಸು ಬದುಕಿಕೊಂಡರಂತೆ. ವಾರ ಕಳೆದಮೇಲೆ ಇವರಿಗೆ ಜ್ವರ ಶುರುವಾಯಿತು. ಅಂಗಡಿಯಲ್ಲಿದ್ದ ಔಷಧಿಯೆಲ್ಲ ನನ್ನ ಕೈಯಲ್ಲೇ ಇತ್ತು, ಒಂದೂ ನಾಟಲಿಲ್ಲ. ಕೊನೆಗೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ಲಿಫ್ಟು. ಸ್ಟ್ರೆಚರ್ ಮೇಲೆ ಮಲಗಿದ್ದೋರು ಬೆರಳೆತ್ತಿ, "ಸದ್ದು ಕೇಳು, ಬೆಣ್ಣೆ ಹಾಗೆ ಓಡ್ತಿದೆ, ನನ್ನ ಕೆಲಸ" ಅಂದರು. ಬಾಗಿಲು ಮುಚ್ಚಿಕೊಂಡಿತು. ನನ್ನನ್ನು ಒಳಗೆ ಬಿಡಲಿಲ್ಲ. ಆಮೇಲೆ ನಾನು ಅವರ ಮುಖ ನೋಡಲೇ ಇಲ್ಲ.

ಅಪ್ಪನಿಗೆ ಗೊತ್ತಿಲ್ಲ. ಹೋದ ವರ್ಷ ಎದೆನೋವು ಬಂದಾಗ, ಆಘಾತ ಆಗೋ ಸುದ್ದಿ ಹೇಳಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಬಾಗಿಲು ಹಾಕಿಕೊಂಡು ಒಬ್ಬರೇ ಇರೋ ರೂಮಿನಲ್ಲಿ, ಯಾರೂ ಹೆಗಲು ಮುಟ್ಟೋಕೂ ಆಗದ ಹೊತ್ತಿನಲ್ಲಿ ಇದನ್ನ ಹೇಗೆ ಕಾಗದದಲ್ಲಿ ಕಳಿಸಲಿ? ಹೊರಗಿನಿಂದ ಸುದ್ದಿ ನಿಮ್ಮ ಕಿವಿಗೆ ಬಿದ್ದರೂ ದಯವಿಟ್ಟು ಅಪ್ಪನಿಗೆ ಹೇಳಬೇಡಿ. ಗೇಟು ತೆಗೆದ ದಿನ ನಾನೇ ಬಂದು, ಪಕ್ಕದಲ್ಲಿ ಕೂತು ಹೇಳ್ತೀನಿ.

ನಿಮ್ಮ ತಂಗಿ ಅಂದುಕೊಳ್ಳಿ


ಜೂನ್ 2

ತಂಗೀ,

ನಿನ್ನ ಕಾಗದ ಓದಿ ಮಂಚದ ಮೇಲೆ ಹಾಗೇ ಕೂತುಬಿಟ್ಟೆ. ಅವತ್ತು ನನ್ನ ಸಾಲು ಇಲ್ಲ. ನಿಮ್ಮಪ್ಪ ಎದುರಿನಿಂದ ಎರಡು ಸಲ "ಏನಾಯಿತು?" ಅಂತ ರಟ್ಟು ಹಿಡಿದರು. ತಲೆನೋವು ಅಂತ ಬರೆದೆ.

ಎಕ್ಸ್‌ಚೇಂಜಿನಲ್ಲಿದ್ದಾಗ ಊರವರ ಸುಖದುಃಖವೆಲ್ಲ ನನ್ನ ಕಿವಿ ಮೇಲೇ ಹಾದುಹೋಗುತ್ತಿತ್ತು. ಒಂದು ಮಾತೂ ಬಾಯಿಂದ ಹೊರಗೆ ಬಿಟ್ಟವಳಲ್ಲ ನಾನು. ಇದನ್ನೂ ಬಿಡಲ್ಲ. ಆದರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಂದೆಲ್ಲ ಮಾತಾಡೋರು ನನ್ನ ಮುಖ ನೋಡ್ತಿರಲಿಲ್ಲ. ಇವರು ದಿನಾ ನೋಡ್ತಾರೆ. ನಾನು ಎಷ್ಟು ದಿನ ಹೀಗೆ ನಿಲ್ಲಬಲ್ಲೆ ಗೊತ್ತಿಲ್ಲ.

ನಿನಗೆ ಅಡುಗೆ ಮಾಡಿಕೊಡೋರು ಯಾರಿದ್ದಾರೆ? ಊಟ ಬಿಡಬೇಡ ಕಂದಾ.

ಅಕ್ಕ


ಜೂನ್ 11

ಮಗಳೇ,

ಈ ಸಲದ ಪೊಟ್ಟಣದಲ್ಲೂ ಕಾಗದ ಇಲ್ಲ. ಮಾತ್ರೆ ಎಣಿಸಿ, ಮಡಿಚಿ, ಹೆಸರು ಬರೆದು ಎಲ್ಲ ಅಚ್ಚುಕಟ್ಟಾಗಿ ಇಟ್ಟಿದ್ದೀಯ. ಕೆಲಸದ ಒತ್ತಡ ಇರಬೇಕು. ಎರಡು ಸಾಲಾದರೂ ಗೀಚಿ ಹಾಕು.

ಡ್ರಿಲ್ ಮೇಷ್ಟ್ರಿಗೆ ಜ್ವರ ಬಂತು. ಹೋದ ವಾರ ಆಂಬುಲೆನ್ಸ್ ಅಂಗಳದೊಳಗೇ ಬಂತು. ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗೋಕೆ ಬಂದರೆ ಒಪ್ಪಲಿಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದೇ ಹೋದರು. ಗಾಡಿ ಹತ್ತುವ ಮೊದಲು ತಿರುಗಿ ನಮ್ಮ ಕಿಟಕಿಗಳಿಗೆಲ್ಲ ಒಂದು ಸೆಲ್ಯೂಟ್ ಹೊಡೆದರು. ನಾವು ಮೂವರೂ ಹೊಡೆದೆವು. ಬೇಕರಿ ಅಣ್ಣ ಎಡಗೈಯಲ್ಲಿ ಹೊಡೆದರು. ಮೇಷ್ಟ್ರು ನೋಡಿದ್ದರೆ ಮೈದಾನಕ್ಕೆ ಒಂದು ಸುತ್ತು ಓಡಿಸುತ್ತಿದ್ದರು.

ಅವರ ಕಿಟಕಿಯ ಸಾಲು ದಿನಾ ಖಾಲಿ ಬೀಳುತ್ತಿದೆ. ಅವರು ಬರುವ ತನಕ ಆ ಜಾಗ ಅಳಿಯಂದಿರು ತುಂಬಲಿ ಅಂತ ನನ್ನ ಆಸೆ. ಟೆಲಿಫೋನ್ ಅಕ್ಕನಿಗೆ ಈ ಮಾತು ಬರೆದು ತೋರಿಸಿದರೆ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇತ್ತೀಚೆಗೆ ಅವರು ಮಂಕಾಗಿದ್ದಾರೆ. ವಯಸ್ಸು.

ಅಳಿಯಂದಿರಿಗೆ ಹೇಳು, ನಗಿಸುವ ಸಾಲೇ ಬೇಕು. ಇಲ್ಲಿ ನಗುವಿಗೆ ಬರ ಬಂದಿದೆ.

ನಿನ್ನ ಅಪ್ಪ


ಜೂನ್ 19

ಅಪ್ಪಾ,

ಕಾಗದ ಇಡದೇ ಹೋದದ್ದಕ್ಕೆ ಬೈಯಬೇಡಿ. ಅಂಗಡಿಯಲ್ಲಿ ಉಸಿರಾಡೋಕೂ ಬಿಡುವಿಲ್ಲ. ಮೇಷ್ಟ್ರು ವಾಪಸ್ ಬರ್ತಾರೆ ಬಿಡಿ, ಗಟ್ಟಿ ಜೀವ.

ಇಲ್ಲಿ ಎಲ್ಲ ಆರಾಮ. ಅವರಿಗೂ ಕೆಲಸ ಜಾಸ್ತಿ, ಬೆಳಿಗ್ಗೆ ಹೋದರೆ ಅವರು ಬರೋದು ಹೊತ್ತಾಗುತ್ತೆ. ನಿಮ್ಮ ಕಾಗದ ಓದಿ ಹೇಳಿದೆ. ಅವರು ತುಂಬ ಹೊತ್ತು ಯೋಚನೆ ಮಾಡಿ ಒಂದು ಸಾಲು ಕೊಟ್ಟರು:

"ಗುಂಡಿ ಒತ್ತಿ ನಿಂತಿದ್ದೇನೆ, ದೀಪ ಹತ್ತಿದೆ, ಲಿಫ್ಟು ಮಾತ್ರ ಬರುತ್ತಿಲ್ಲ."

ನಗಿಸುವ ಸಾಲು ಈ ಸಲ ಆಗಲಿಲ್ಲ ಅಂದರು ಅವರು. ಮುಂದಿನ ಸಲ ನೋಡೋಣ.

ಮಾತ್ರೆ ಜೇಬಲ್ಲಿದೆಯಾ?

ನಿಮ್ಮ ಮಗಳು


ಜುಲೈ 14

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ಬರೆಯೋಕೆ ಕೂತು ಎದ್ದೆ, ಕೂತು ಎದ್ದೆ.

ಡ್ರಿಲ್ ಮೇಷ್ಟ್ರು ಬರಲಿಲ್ಲ. ಅವರ ರೂಮಿನ ಹಾಸಿಗೆಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದಾಗ ನಮಗೆ ಗೊತ್ತಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುದುಕರಿಗೆ ಹೇಳಬಾರದು ಅಂತ ಎಲ್ಲರಿಗೂ ಯಾರೋ ಪಾಠ ಮಾಡಿದ್ದಾರೆ.

ನಿನ್ನ ಕಾಗದವನ್ನು ನಾನು ಮೊದಲು ಸಂತೋಷದಿಂದಲೇ ಓದಿದೆ. ಸಾಲನ್ನು ರಟ್ಟಿಗೆ ಇಳಿಸೋಕೆ ಕೂತೆ. ಬರೀತಾ ಬರೀತಾ ಕೈ ನಿಂತಿತು. ಇದು ಲಿಫ್ಟ್ ರಿಪೇರಿ ಮಾಡುವವರ ಸಾಲಲ್ಲ, ಲಿಫ್ಟಿಗೆ ಕಾದು ಹೊರಗೆ ನಿಂತವರ ಸಾಲು. ಅವರಾಗಿದ್ದರೆ ಸ್ಕ್ರೂ ಡ್ರೈವರ್ ಹಿಡಿದು ಒಳಗಿರುತ್ತಿದ್ದರು.

ಮತ್ತೆ ಕಾಗದ ತೆಗೆದು ನೋಡಿದೆ. ಮದುವೆಯಾದ ದಿನದಿಂದ ನೀನು ಅಳಿಯಂದಿರನ್ನು "ಇವರು" ಅಂತಲೇ ಅಂದವಳು. ಇವರಿಗೆ ಶೀತ, ಇವರು ಹೀಗಂದರು, ಇವರ ಜೋಕು ಕೇಳಿ ಸಾಕಾಯ್ತು. ಈ ಕಾಗದದಲ್ಲಿ ಎಲ್ಲ ಕಡೆ "ಅವರು". ಇ ತೆಗೆದು ಅ ಇಟ್ಟಿದ್ದೀಯ. ಒಂದೇ ಒಂದು ಮೊಳೆ ಬದಲಾಗಿದೆ ಅಷ್ಟೇ. ಪಕ್ಕದಲ್ಲಿದ್ದವರು ದೂರ ಹೋಗೋಕೆ ನಮ್ಮ ಭಾಷೆಯಲ್ಲಿ ಒಂದೇ ಅಕ್ಷರ ಸಾಕು.

ನನ್ನ ಅನುಮಾನ ಸುಳ್ಳಾಗಲಿ ಅಂತ ಒಂದು ವಾರ ಸುಮ್ಮನಿದ್ದೆ. ಆಮೇಲೆ ಒಂದು ಬೆಳಿಗ್ಗೆ ದೊಡ್ಡ ರಟ್ಟಿನ ಮೇಲೆ ಬರೆದು ಕಿಟಕಿಗೆ ಹಿಡಿದೆ: "ನನ್ನ ಅಳಿಯ ಇದ್ದಾರಾ?"

ಟೆಲಿಫೋನ್ ಅಕ್ಕ ತುಂಬ ಹೊತ್ತು ನನ್ನನ್ನೇ ನೋಡಿದರು. ಕೈಯಲ್ಲಿ ಪೆನ್ನು ಇತ್ತು, ಬರೆಯಲಿಲ್ಲ. ಆಮೇಲೆ ನಿಧಾನವಾಗಿ ಪರದೆ ಎಳೆದುಕೊಂಡರು.

ಅವರನ್ನು ಬೈಯಬೇಡ, ನಿನಗೆ ಮಾತು ಕೊಟ್ಟಿರಬೇಕು, ಅದನ್ನು ಅವರು ತಪ್ಪಲಿಲ್ಲ.

ನನ್ನ ಎದೆ ಒಡೆಯಲಿಲ್ಲ ಮಗಳೇ. ಒಡೆಯುತ್ತೆ ಅಂತ ನೀನು ಹೆದರಿದ್ದು ಗೊತ್ತು. ಮಾತ್ರೆ ಜೇಬಲ್ಲೇ ಇತ್ತು. ನಾಲಿಗೆ ಕೆಳಗೆ ಇಟ್ಟುಕೊಂಡು, ಅವರು ಸರಿಮಾಡಿದ ಆ ಮಂಚದ ಮೇಲೆ ಕೂತೆ. ಅದು ಅಲುಗಲಿಲ್ಲ.

ಈಗ ಬರಿ. ಎಲ್ಲವನ್ನೂ ಬರಿ. ಯಾವತ್ತು, ಹೇಗೆ, ನೀನು ಒಬ್ಬಳೇ ಇದ್ದೆಯಾ?

ನಿನ್ನ ಅಪ್ಪ


ಜುಲೈ 20

ಅಪ್ಪಾ,

ಎಲ್ಲವನ್ನೂ ಬೇರೆ ಹಾಳೆಗಳಲ್ಲಿ ಬರೆದಿದ್ದೀನಿ. ನಿಧಾನವಾಗಿ ಓದಿ, ಒಂದೇ ಸಲಕ್ಕೆ ಬೇಡ. ಹೌದು, ಒಬ್ಬಳೇ ಇದ್ದೆ. ಬೀದಿಯವರು ಬಾಗಿಲ ಹತ್ತಿರ ಊಟ ಇಟ್ಟು, ಬೆಲ್ ಮಾಡಿ ಓಡಿಹೋಗ್ತಿದ್ದರು. ತಪ್ಪಲ್ಲ, ಅವರಿಗೂ ಭಯ.

ನಿಮ್ಮ ಎದೆಗೆ ಹೆದರಿ ಮುಚ್ಚಿಟ್ಟೆ ಅಂತ ಅಕ್ಕನಿಗೆ ಬರೆದಿದ್ದೆ. ಅದು ನಿಜ. ಆದರೆ ಪೂರ್ತಿ ನಿಜ ಅಲ್ಲ ಅಪ್ಪ. ಊರವರ ಪಾಲಿಗೆ ಇವರು ಇಲ್ಲ. ಅಂಗಡಿಗೆ ಬರೋರು ನನ್ನ ಮುಖ ನೋಡೋಕೆ ಆಗದೆ ಚೀಟಿ ಕೊಟ್ಟು ನೆಲ ನೋಡ್ತಾರೆ. ಇಡೀ ಪ್ರಪಂಚದಲ್ಲಿ ನೀವೊಬ್ಬರೇ "ಅಳಿಯಂದಿರಿಗೆ ಹೇಳು" ಅಂತ ಬರೀತಿದ್ದಿರಿ. ನಿಮ್ಮ ಕಾಗದದಲ್ಲಿ ಮಾತ್ರ ಇವರು ಬದುಕಿದ್ದರು. ನಿಮಗೆ ಸುಳ್ಳು ಬರೆಯೋಕೆ ಕೂತಾಗ ನಾನು ನಿಜವಾಗಲೂ ಅಡುಗೆಮನೆ ಕಡೆ ತಿರುಗಿ ನೋಡಿದೆ, ಏನು ಸಾಲು ಹೇಳ್ತಾರೆ ಅಂತ.

ಅದನ್ನೂ ನೀವು ತೆಗೆದುಬಿಟ್ಟಿರಿ. ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ, ಅವತ್ತಿನಿಂದ ಮೊದಲ ಸಲ ಜೋರಾಗಿ ಅತ್ತೆ.

ನಿಮ್ಮ ಮಗಳು


ಆಗಸ್ಟ್ 8

ಕಂದಾ,

ಇನ್ನು ಮುಂದೆ ಮನೆಯವರು ಅಂಗಳದವರೆಗೆ ಬರಬಹುದಂತೆ. ರೂಮಿಗೆ ಬಿಡಲ್ಲ, ನಾವೂ ಇಳಿಯುವ ಹಾಗಿಲ್ಲ. ಕಿಟಕಿಯಿಂದ ನೋಡಬಹುದು, ಸ್ವಲ್ಪ ಹೊತ್ತು.

ನೀನು ಏನೂ ಬರೆಯಬೇಡ, ಏನೂ ತರಬೇಡ. ಸುಮ್ಮನೆ ಬಾ. ಭಾನುವಾರ ನಾನು ಮುಂಜಾನೆಯಿಂದಲೇ ಕಿಟಕಿಯಲ್ಲಿರ್ತೀನಿ.

ಅಪ್ಪ


ಆಗಸ್ಟ್ 17

ಅಪ್ಪಾ,

ನೆನ್ನೆ ನೋಡಿ ಬಂದೆ. ನೀವು ಇಳಿದುಹೋಗಿದ್ದೀರಿ. ಅಂಗಿ ಕಾಲರಿನೊಳಗೆ ಕುತ್ತಿಗೆ ಕಾಣಿಸಲೇ ಇಲ್ಲ.

ಅಂಗಳಕ್ಕೆ ಕಾಲಿಟ್ಟ ತಕ್ಷಣ ಮೂರು ಕಡೆಯಿಂದಲೂ ರಟ್ಟುಗಳು ಮೇಲೆದ್ದವು. ಎಲ್ಲಿ ಮೊದಲು ನೋಡಬೇಕು ತಿಳಿಯಲಿಲ್ಲ. ಬೇಕರಿ ಅಣ್ಣನದು, "ಒಲೆ ಆರಿಸಿದ ಮೇಲೂ ಗೋಡೆ ತುಂಬ ಹೊತ್ತು ಬೆಚ್ಚಗಿರುತ್ತೆ ಮಗಳೇ." ಟೆಲಿಫೋನ್ ಅಕ್ಕನದು, "ಆ ಕಡೆ ಯಾರೂ ಇಲ್ಲ ಅಂತ ಗೊತ್ತು, ಆದರೂ ನಾನು ಲೈನ್ ಕಟ್ ಮಾಡಿಲ್ಲ." ಮೇಷ್ಟ್ರ ಕಿಟಕಿಗೆ ಹೊಸಬರೊಬ್ಬರು ಬಂದಿದ್ದಾರಲ್ಲ, ಬೋಳುತಲೆಯವರು. ಪಾಪ, ಅವರಿಗೆ ಯಾರ ಪರಿಚಯವೂ ಇಲ್ಲ. ಆದರೂ ಒಂದು ರಟ್ಟು ಹಿಡಕೊಂಡು ನಿಂತಿದ್ದರು: "ನಾನು ಹೊಸಬ. ನನಗೆ ಪದ್ಯ ಬರಲ್ಲ. ಸುಮ್ಮನೆ ನಿಂತಿದ್ದೇನೆ." ಅದನ್ನು ಓದಿ ನನಗೆ ತಡೆಯೋಕೆ ಆಗಲಿಲ್ಲ.

ನಿಮ್ಮದನ್ನು ಕೊನೆಗೆ ಓದಿದೆ. ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ.

"ಮೊಳೆಯಲ್ಲಿ ಅಕ್ಷರ ತಿರುಗುಮುರುಗು. ಈ ವರ್ಷವೂ ಹಾಗೇ ಅಚ್ಚಾಯಿತು: ಅಳಿಯ ಮೊದಲು, ಮಾವ ಆಮೇಲೆ."

ಇವರು ಓದಿದ್ದರೆ ಏನೋ ಒಂದು ಜೋಕು ಹೇಳಿ ನಿಮ್ಮನ್ನು ನಗಿಸಿರೋರು. ನನಗೆ ಏನೂ ಹೊಳೆಯಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ನೀವು ಕಿಟಕಿ ಸರಳಿಗೆ ಹಣೆ ಒತ್ತಿಕೊಂಡಿರಿ. ಎಷ್ಟೋ ಹೊತ್ತು ಹಾಗೇ ಇದ್ದೆವಲ್ಲ, ಸಾಕು ಹೊರಡಿ ಅಂತ ಗೇಟಿನವರು ಬಂದು ಹೇಳುವ ತನಕ.

ಗೇಟಿನ ಹತ್ತಿರ ಹೋಗಿ ನಾನು ತಿರುಗಿ ಏನೋ ಕೂಗಿದೆ, ನೆನಪಿದೆಯಾ? ಮುಖಕ್ಕೆ ಮಾಸ್ಕ್ ಇತ್ತು, ನಿಮಗೆ ನನ್ನ ತುಟಿ ಕಾಣಿಸಿರಲಿಕ್ಕಿಲ್ಲ. ಹೋಗಿ ಬರ್ತೀನಿ ಅಂದೆ ಅಂದುಕೊಂಡಿರಿ ನೀವು. ನಗುನಗುತ್ತಾ ಕೈ ಬೀಸಿದಿರಿ, ಹೋಗಿ ಬಾ ಹೋಗಿ ಬಾ ಅಂತ.

ನಾನು ಕೂಗಿದ್ದು, "ಅಪ್ಪಾ, ನನಗೆ ಮನೆಗೆ ಹೋಗೋಕೆ ಆಗ್ತಿಲ್ಲ" ಅಂತ.

ನೀವು ಅಷ್ಟು ಚೆನ್ನಾಗಿ ಕೈ ಬೀಸಿದಿರಿ. ನಾನೂ ಬೀಸಿದೆ. ಹೋದೆ. ಬೀಗ ತೆಗೆದು, ಎಲ್ಲ ಕೋಣೆಯ ದೀಪ ಹಾಕಿದೆ. ಇನ್ನೂ ಆರಿಸಿಲ್ಲ, ಊಟದ ಮೇಜಿನ ಮೇಲೆ ನಿಮಗೆ ಇದನ್ನು ಬರೀತಿದ್ದೀನಿ.

ನಿಮ್ಮ ಮಗಳು